ಕಡತದ ವಿದ್ಯೆ, ಕಂಠದ ವಿದ್ಯೆ

ನಮ್ಮ ಹಿರಿಯರು ವಿದ್ಯೆಯನ್ನು ಎರಡು ಬಗೆಯಾಗಿ ಎಣಿಸುತ್ತಿದ್ದರು. ಒಂದು ಗ್ರಂಥಸ್ಥವಾದುದು, ಇನ್ನೊಂದು ಕಂಠಸ್ಥವಾದುದು. ಗ್ರಂಥದಲ್ಲಿದ್ದುದು ಕಳೆಯಲಾರದು, ಆದರೆ ಬೇಕಾದ ಗಳಿಗೆಗೆ ಒದಗಲಾರದು. ಕಂಠದಲ್ಲಿದ್ದುದು ಬೇಕಾದ ಗಳಿಗೆಗೆ ಒದಗುವದು. ಆದರೆ ಮರೆವಿಗೆ ತುತ್ತಾಗುವದು, ಕೊನೆಗೆ ಮನುಷ್ಯನ ಸಂಗಡವೇ ಹೊರಟುಹೋಗುವದು. ಇವೆರಡನ್ನೂ ಒಂದೇ ಮನೆಯಲ್ಲಿ, ಒಂದಕ್ಕೊಂದು ಆಸರೆಯಾಗುವಂತೆ, ಹೇಗೆ ಇಟ್ಟುಕೊಳ್ಳಬಹುದೆಂಬದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು. ನಾವು ಇದನ್ನು ಕಲಿತದ್ದು ಒಂದು ತಗಡಿನ ಪೆಟ್ಟಿಗೆಯ ದೆಸೆಯಿಂದ. ಆದುದರಿಂದ ಆ ಪೆಟ್ಟಿಗೆಯ ಸಂಗತಿಯಿಂದಲೇ ಮೊದಲುಮಾಡುತ್ತೇವೆ.

ನಾವು ವಾಸವಾಗಿರುವದು ರಾಯಚೂರು ಪಟ್ಟಣದಲ್ಲಿ. ಮೂಲದ ಮನೆಯೂ ಹೊಲವೂ ದೇವದುರ್ಗ ತಾಲೂಕಿನಲ್ಲಿವೆ. ತಂದೆಯವರು ತೀರಿಕೊಂಡ ವರುಷ ಆ ಮನೆಯ ಅಟ್ಟವನ್ನು ಹಸನುಮಾಡುವಾಗ ಪೆಟ್ಟಿಗೆಯೊಂದು ಕೈಗೆ ಬಂದಿತು. ತೆರೆದು ನೋಡಲಾಗಿ ಒಳಗೆ ಅರುವತ್ತಕ್ಕೂ ಮೇಲ್ಪಟ್ಟು ಕಾಗದಗಳಿದ್ದವು. ಎರಡು ಮೂರು ಹೊರತು ಎಲ್ಲವೂ ಉರ್ದುವಿನಲ್ಲಿ ಬರೆದವುಗಳು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ರಾಯಚೂರು ಸೀಮೆಯು ೧೯೪೮ರ ಸೆಪ್ಟೆಂಬರದವರೆಗೆ ಹೈದರಾಬಾದಿನ ನಿಜಾಮರ ಆಳಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದುವಾಗಿತ್ತು. ೧೯೫೬ರ ನವೆಂಬರ ೧ರಂದು ಜಿಲ್ಲೆಯ ಕನ್ನಡ ಭಾಗವು ಮೈಸೂರು ರಾಜ್ಯವನ್ನು ಸೇರಿತು. ನಾವೆಲ್ಲ ಕನ್ನಡ ಶಾಲೆಗಳಲ್ಲಿ ಓದಿದೆವು. ಹೀಗೆ ಎರಡು ತಲೆಮಾರುಗಳೊಳಗೆ ಮನೆಯ ಕಾಗದಗಳು ಮನೆಯವರಿಗೇ ಓದಲು ಬಾರದಂತಾದವು. ಪಹಣಿ, ರಸೀದಿ, ಹಿಸ್ಸೆ, ಅರ್ಜಿ, ನಕಲು, ದಫ್ತರ ಮೊದಲಾದ ಶಬ್ದಗಳು ಇಂದಿಗೂ ನಮ್ಮ ನಾಲಿಗೆಯ ಮೇಲಿವೆ; ಅವುಗಳನ್ನು ಬರೆದ ಅಕ್ಷರಗಳು ಮಾತ್ರ ಕಣ್ಣಿಗೆ ಅಪರಿಚಿತವಾಗಿವೆ.

ಕೇವಲ ಕುತೂಹಲವಾಗಿದ್ದರೆ ಪೆಟ್ಟಿಗೆಯನ್ನು ಮರಳಿ ಅಟ್ಟಕ್ಕೇರಿಸುತ್ತಿದ್ದೆವೇನೋ. ಆದರೆ ನಮ್ಮ ಮನೆತನದಲ್ಲಿ ಒಂದು ಬಾವಿಯ ವ್ಯಾಜ್ಯವಿತ್ತು. ಮುತ್ತಜ್ಜನವರು ತೋಡಿಸಿದ ಆ ಕಲ್ಲುಕಟ್ಟಡದ ಬಾವಿಯು ತಮಗೇ ಸೇರಿದ್ದೆಂದು ನಮ್ಮ ಅಜ್ಜನ ಕಡೆಯವರೂ, ಇಬ್ಬರಿಗೂ ಸೇರಿದ್ದೆಂದು ಚಿಕ್ಕಜ್ಜನ ಕಡೆಯವರೂ ಹೇಳುತ್ತ ಬಂದಿದ್ದರು. ಮೂವತ್ತು ವರುಷಗಳ ಹಿಂದೆ ಮಾತು ವಿಕೋಪಕ್ಕೆ ಹೋಗಿ ಅವರು ಆ ಬಾವಿಯ ನೀರು ಮುಟ್ಟುವದನ್ನೇ ಬಿಟ್ಟರು. ಅಂದಿನಿಂದ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರಿಗೆ ಅಕ್ಷತೆಯಿಲ್ಲ. ಪೆಟ್ಟಿಗೆಯಲ್ಲಿ ಇದಕ್ಕೆ ಉತ್ತರವಿರಬಹುದೆಂದು ನಮಗೆ ತೋರಿತು.

ಓದಬಲ್ಲವರನ್ನು ಹುಡುಕುತ್ತ ಹೋದುದು ಮಾನ್ವಿಗೆ. ಅಲ್ಲಿ ತೊಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಬಾಲ್ಯದಲ್ಲಿ ಉರ್ದು ಶಾಲೆಯಲ್ಲಿ ಓದಿ, ಮುಂದೆ ಕಂದಾಯ ಖಾತೆಯಲ್ಲಿ ದುಡಿದವರು. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ನಾವು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆವು. ಎರಡನೆಯ ತಿಂಗಳು ಹೋದಾಗ ಒಂದು ಶಬ್ದದ ಅರ್ಥವನ್ನು ಕೇಳಿದೆವು. ಅವರು ನಕ್ಕು, “ಮುಶ್ತರಿಕಾ ಅಂದ್ರ ಇಬ್ಬರ ಪಾಲಿಂದು, ಸಾಮಾಯಿಕ. ಹೋದ ಸಲ ಹುಣಸಿಗಿಡದ ಕಾಗದ ಓದಿದಾಗ ಇದನ್ನ ಕೇಳಿದ್ರಿ. ಬರಕೊಂಡೂ ಇದ್ರಿ” ಎಂದರು. ಪುಸ್ತಕ ತೆರೆದು ನೋಡಿದರೆ ನಿಜವೇ! ನಮ್ಮದೇ ಕೈಬರಹ, ನಮಗೇ ನೆನಪಿಲ್ಲ. ಬರೆದಿಟ್ಟುದರಿಂದ ಕಲಿತಂತಾಯಿತೆಂಬ ಭ್ರಾಂತಿಯು ಆ ದಿನ ಹರಿಯಿತು.

ಈ ಮರೆವು ನಮ್ಮೊಬ್ಬರ ದೋಷವಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುವದೆಂದು ಅಳೆದು ೧೮೮೫ರಲ್ಲಿ ಪ್ರಕಟಿಸಿದರು. ಅವರು ಕಂಡಂತೆ ಒಂದು ತಾಸಿಗೇ ಅರ್ಧಕ್ಕಿಂತ ಹೆಚ್ಚು ಹೋಗುವದು. ಒಂದು ದಿನಕ್ಕೆ ಮೂರರಲ್ಲೊಂದು ಪಾಲು, ತಿಂಗಳಿಗೆ ಐದರಲ್ಲೊಂದು ಪಾಲು ಉಳಿಯುವದು. ಆದರೆ ಬಿಡುವು ಬಿಟ್ಟು ಬಿಟ್ಟು ಮರಳಿ ಕಲಿತರೆ ಒಂದೇ ದಿನ ಕುಳಿತು ಉರುಹೊಡೆದುದಕ್ಕಿಂತ ಕಡಿಮೆ ಶ್ರಮದಲ್ಲಿ ವಿಷಯವು ನಿಲ್ಲುವದೆಂಬದನ್ನೂ ಅವರೇ ತೋರಿಸಿದರು. ಅಮೇರಿಕೆಯ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ೨೦೦೬ರಲ್ಲಿ ಇನ್ನೊಂದು ಸಂಗತಿಯನ್ನು ಬೆಳಕಿಗೆ ತಂದರು. ಪಾಠವನ್ನು ಮರಳಿ ಮರಳಿ ಓದಿದವರೂ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೂ ಐದು ನಿಮಿಷದ ಮೇಲೆ ಪರೀಕ್ಷೆಗೆ ಕುಳಿತಾಗ ಓದಿದವರೇ ಮುಂದಿದ್ದರು; ಒಂದು ವಾರದ ಮೇಲೆ ನೋಡಿದಾಗ ಪುಸ್ತಕ ಮುಚ್ಚಿ ನೆನೆದವರು ಮುಂದಾಗಿದ್ದರು.

ಮಾನ್ವಿಯವರಿಗೆ ಇದು ಹೊಸ ಮಾತಲ್ಲ. ಅದು ಹದಿನೆಂಟನೆಯ ಶತಮಾನದ ಜಗನ್ನಾಥದಾಸರ ಊರು. ಅವರ ಹರಿಕಥಾಮೃತಸಾರವು ಭಾಮಿನೀ ಷಟ್ಪದಿಯ ಮೂವತ್ತೆರಡು ಸಂಧಿಗಳ ದೊಡ್ಡ ಗ್ರಂಥ. ಆ ಹಿರಿಯರ ನೆರೆಮನೆಯಲ್ಲಿ ಭಜನೆಗೆ ಸೇರುವ ತಾಯಂದಿರಲ್ಲಿ ಕೆಲವರು ಅದನ್ನು ಪುಸ್ತಕವಿಲ್ಲದೆ ಹೇಳುವದನ್ನು ನಾವು ಕೇಳಿದೆವು. ಬಾಯಿಗೆ ಬಂದ ಸಂಧಿಯನ್ನು ಆಗೊಮ್ಮೆ ಈಗೊಮ್ಮೆ ಹೇಳುವದು, ತಪ್ಪಿದ ಪದ್ಯವನ್ನು ಮರುದಿನವೇ ಮರಳಿ ಹೇಳುವದು, ಸಂಶಯ ಬಂದಲ್ಲಿ ಮಾತ್ರ ಪುಸ್ತಕ ತೆರೆಯುವದು, ಇದೇ ಅವರ ಕ್ರಮ. ಪುಸ್ತಕವು ತಪ್ಪನ್ನು ತಿದ್ದುವದು, ಕಂಠವು ಪುಸ್ತಕಕ್ಕೆ ಜೀವ ಕೊಡುವದು. ಇದೇ ಕ್ರಮವನ್ನು ನಮ್ಮ ಪೆಟ್ಟಿಗೆಗೂ ಹೂಡಬೇಕೆಂದು ನಿಶ್ಚಯಿಸಿದೆವು.

ಪುಸ್ತಕದ ಸ್ಥಾನದಲ್ಲಿ ನಮ್ಮ ಮಗಳು ಗಣಕಯಂತ್ರದಲ್ಲಿ ಮನೆಯದೇ ಒಂದು ವಿಕಿಯನ್ನು ಕಟ್ಟಿದಳು. ವಿಕಿ ಎಂಬದು ಹವಾಯಿ ದ್ವೀಪದ ಶಬ್ದ, ಶೀಘ್ರವೆಂದು ಅರ್ಥ. ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೇರಿಕದವರು ೧೯೯೫ರಲ್ಲಿ ಮೊದಲ ವಿಕಿಯನ್ನು ತೆರೆದರು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ವಾಚಕರು ನೋಡಿಯೇ ಇರುವರು. ಅದು ಲೋಕಕ್ಕೆಲ್ಲ, ನಾವು ಹೇಳುವದು ಒಂದೇ ಮನೆಗೆ. ಇದರ ಗುಣವು ಎರಡೇ ಮಾತಿನಲ್ಲಿದೆ. ಒಂದೊಂದು ವಿಷಯಕ್ಕೆ ಒಂದೊಂದು ಪುಟ. ಪುಟದಲ್ಲಿ ಬೇರೊಂದು ವಿಷಯದ ಹೆಸರು ಬಂದರೆ ಅದನ್ನು ಮುಟ್ಟಿದ ಕೂಡಲೆ ಅದರ ಪುಟವು ತೆರೆಯುವದು. ನೋಟುಪುಸ್ತಕದಲ್ಲಿ ಬರೆದುದು ಬರೆದ ದಿನದ ಕ್ರಮದಲ್ಲಿ ಬಿದ್ದಿರುವದು. ವಿಕಿಯಲ್ಲಿ ಬರೆದುದು ಅರ್ಥದ ಕ್ರಮದಲ್ಲಿ ಕೂಡಿಕೊಳ್ಳುವದು. ನಾವು ಬಳಸುವ ಟಿಡ್ಲಿವಿಕಿ ಎಂಬುದನ್ನು ಜೆರೆಮಿ ರಸ್ಟನ್ ಎಂಬವರು ೨೦೦೪ರಲ್ಲಿ ಹೊರತಂದರು. ಇಡೀ ವಿಕಿಯು ಒಂದೇ ಕಡತದಲ್ಲಿರುವದರಿಂದ ನಕಲು ತೆಗೆದಿಡುವದು ಸುಲಭ. ಪೆಟ್ಟಿಗೆಯ ಒಂದೊಂದು ಕಾಗದಕ್ಕೆ ಒಂದು ಪುಟ, ಮನೆತನದ ಒಬ್ಬೊಬ್ಬರಿಗೆ ಒಂದು ಪುಟ, ಹೊಲ, ಗಿಡ, ಬಾವಿಗಳಿಗೆ ಒಂದೊಂದು ಪುಟ, ಹೀಗೆ ಇಂದಿಗೆ ೧೪೦ ಪುಟಗಳಾಗಿವೆ.

ಕಂಠದ ಸ್ಥಾನದಲ್ಲಿ ಚೀಟಿಗಳು. ಗಟ್ಟಿ ಕಾಗದದ ಚೀಟಿಯ ಒಂದು ಮಗ್ಗುಲಿಗೆ ಪ್ರಶ್ನೆ, ಇನ್ನೊಂದು ಮಗ್ಗುಲಿಗೆ ಉತ್ತರ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತರು ೧೯೭೨ರಲ್ಲಿ ಬರೆದ ಪುಸ್ತಕದಿಂದ ಪ್ರಸಿದ್ಧವಾದ ಪದ್ಧತಿಯಿದು. ಒಂದು ಪೆಟ್ಟಿಗೆಯಲ್ಲಿ ಐದು ಮನೆಗಳನ್ನು ಮಾಡಬೇಕು. ಹೊಸ ಚೀಟಿಯು ಮೊದಲನೆಯ ಮನೆಯಲ್ಲಿರುವದು. ಅದನ್ನು ದಿನಾಲು ಕೇಳಿಕೊಳ್ಳತಕ್ಕದ್ದು. ಉತ್ತರ ಸರಿಬಂದರೆ ಮುಂದಿನ ಮನೆಗೆ ಏರುವದು. ನಮ್ಮಲ್ಲಿ ಎರಡನೆಯ ಮನೆಯನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದನ್ನು ವಾರಕ್ಕೊಮ್ಮೆ, ಐದನೆಯದನ್ನು ತಿಂಗಳಿಗೆ ಎರಡು ಸಲ ತೆಗೆಯುತ್ತೇವೆ. ಉತ್ತರ ತಪ್ಪಿದರೆ ಎಷ್ಟೇ ಮುಂದೆ ಹೋಗಿದ್ದ ಚೀಟಿಯೂ ಮೊದಲ ಮನೆಗೆ ಇಳಿಯುವದು. ಬಾರದುದಕ್ಕೆ ಹೆಚ್ಚು ಸರತಿ, ಬಂದುದಕ್ಕೆ ಕಡಿಮೆ ಸರತಿ. ಇದರಿಂದ ಹೊತ್ತು ಉಳಿಯುವದು. ಇದೇ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಬೇಕೆನ್ನುವವರಿಗೆ, ಪೋಲಂಡಿನ ವೋಜ್ನಿಯಾಕ್‌ರು ೧೯೮೭ರಲ್ಲಿ ರಚಿಸಿದ ಸೂಪರ್‌ಮೆಮೊ ಎಂಬ ಏರ್ಪಾಡೂ, ೨೦೦೬ರಲ್ಲಿ ಡೇಮಿಯನ್ ಎಲ್ಮ್ಸ್ ಎಂಬವರು ಹೊರತಂದ ಆಂಕಿ ಎಂಬುದೂ ಉಂಟು. ನಮ್ಮ ಮನೆಯಲ್ಲಿ ಮಗಳು ಮೊಬೈಲಿನಲ್ಲಿ ಆಂಕಿಯನ್ನು ಬಳಸುವಳು. ನಾವಿಬ್ಬರು ಹಿರಿಯರು ಮಿಠಾಯಿಯ ಹಳೆಯ ಡಬ್ಬಿಯನ್ನು ಬಳಸುತ್ತೇವೆ. ಫಲದಲ್ಲಿ ಭೇದ ಕಾಣಲಿಲ್ಲ.

ಮೊದಲ ಚೀಟಿಗಳು ಅಕ್ಷರಗಳವು. ಉರ್ದುವಿನ ಬೇ, ಪೇ, ತೇ, ಸೇ ಎಂಬ ನಾಲ್ಕಕ್ಕೂ ಆಕಾರವೊಂದೇ, ಬೋಗುಣಿಯಂತೆ, ನುಕ್ತೆಗಳಿಂದಲೇ ಗುರುತು. ಕೆಳಗೊಂದಿದ್ದರೆ ಬೇ, ಕೆಳಗೆ ಮೂರಿದ್ದರೆ ಪೇ, ಮೇಲೆ ಎರಡಿದ್ದರೆ ತೇ, ಮೇಲೆ ಮೂರಿದ್ದರೆ ಸೇ. ಶಬ್ದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಅಕ್ಷರದ ರೂಪವೂ ಬದಲಾಗುವದು. ಹಳೆಯ ಕಚೇರಿಯ ಬರಹಗಾರರು ಶಿಕಸ್ತಾ ಎಂಬ ಓಡುಬರಹದಲ್ಲಿ ಎಷ್ಟೋ ಸಲ ನುಕ್ತೆಗಳನ್ನೇ ಬಿಟ್ಟುಬಿಡುವರು! ಆದುದರಿಂದ ಅಕ್ಷರ ಕಲಿತರೆ ಸಾಲದು. ಕಾಗದಗಳಲ್ಲಿ ಮೇಲಿಂದ ಮೇಲೆ ಬರುವ ಶಬ್ದಗಳನ್ನು ಇಡಿಯಾಗಿ ಗುರುತಿಸಬೇಕು. ಮುಶ್ತರಿಕಾ, ನಿಸ್ಫ್, ತಕ್ಸೀಮ್ ಮೊದಲಾದವುಗಳು ಹೀಗೆ ಚೀಟಿಗಳಾದವು.

ಕೆಲವು ತಿಂಗಳೊಳಗೆ ನಮಗೆ ಎರಡು ನಿಯಮಗಳು ತಾವಾಗಿಯೇ ತಿಳಿದುಬಂದವು. ಮೊದಲನೆಯದು, ಪುಟ ಬರೆಯದೆ ಚೀಟಿ ಬರೆಯಕೂಡದು. ಅರ್ಥವಾಗದುದನ್ನು ಉರುಹೊಡೆದರೆ ಅದು ಗಿಳಿಪಾಠ. ಎರಡನೆಯದು, ಒಂದು ಚೀಟಿಗೆ ಒಂದೇ ಪ್ರಶ್ನೆ. ಯಾವ ಪುಟದಿಂದ ಹುಟ್ಟಿತೆಂಬದನ್ನು ಚೀಟಿಯ ಮೂಲೆಯಲ್ಲಿ ಬರೆಯಬೇಕು. ಒಂದೇ ಚೀಟಿಯು ಮೂರು ಸಲ ತಪ್ಪಿದರೆ ನೆನಪಿನ ಮೇಲೆ ಸಿಟ್ಟಾಗದೆ ಆ ಪುಟಕ್ಕೆ ಹೋಗಿ ನೋಡಿದೆವು. ಬಹುಶಃ ಅಲ್ಲಿಯ ಬರವಣಿಗೆಯೇ ಮಸುಕಾಗಿರುತ್ತಿತ್ತು. ಮೂರನೆಯ ನಿಯಮವೊಂದುಂಟು. ಅದನ್ನು ಕಲಿಯಲು ಮಾತ್ರ ನಾವು ದಂಡ ತೆರಬೇಕಾಯಿತು.

ಪೆಟ್ಟಿಗೆಯ ಕಾಗದಗಳಿಗೆಲ್ಲ ಫಸಲಿ ಸಂವತ್ಸರದ ತೇದಿಗಳಿವೆ. ಫಸಲಿಗೆ ೫೯೦ ಕೂಡಿಸಿದರೆ ಇಸವಿಯೆಂದು ಯಾರೋ ಹೇಳಿದುದನ್ನು ಪುಟದಲ್ಲಿ ಬರೆದು ಚೀಟಿಯನ್ನೂ ಮಾಡಿದೆವು. ಇದು ಅರ್ಧ ಸತ್ಯ. ನಿಜಾಮರ ರಾಜ್ಯದಲ್ಲಿ ಆ ಕಾಲಕ್ಕೆ ನಡೆಯುತ್ತಿದ್ದ ಫಸಲಿ ವರುಷವು ಅಕ್ಟೋಬರದ ಮೊದಲ ವಾರದಲ್ಲಿ ಆಜೂರ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಆಜೂರ್, ದೈ, ಬಹಮನ್ ಎಂಬ ಮೊದಲ ಮೂರು ತಿಂಗಳಿಗೆ ೫೯೦ ಸರಿ. ನಾಲ್ಕನೆಯದಾದ ಇಸ್ಫಂದಾರಿಗೆ ಜನವರಿ ಬಂದುಬಿಡುವದರಿಂದ ಅಲ್ಲಿಂದ ಮುಂದೆ ೫೯೧ ಕೂಡಿಸಬೇಕು.

ಪೆಟ್ಟಿಗೆಯಲ್ಲಿ ತಕ್ಸೀಮ್‌ನಾಮೆ, ಎಂದರೆ ವಾಟಣಿಯ ಪತ್ರ, ಒಂದಿತ್ತು. ಅದರ ತಲೆಬರಹವನ್ನೂ ತೇದಿಯನ್ನೂ ಮಾನ್ವಿಯ ಹಿರಿಯರು ಮೊದಲೇ ಓದಿದ್ದರು: ಖುರ್ದಾದ್, ಫಸಲಿ ೧೩೪೩. ನಾವು ೫೯೦ ಕೂಡಿಸಿ ೧೯೩೩ ಎಂದೆವು. ಆಗ ಮುತ್ತಜ್ಜನವರು ಬದುಕಿದ್ದರೆಂಬದು ಎಲ್ಲರಿಗೂ ಗೊತ್ತು. “ಅಪ್ಪ ಇದ್ದಾಗ ಮಕ್ಕಳು ಹ್ಯಾಂಗ ಹಂಚಿಕೊಂಡಾರು? ಇದು ಬರೇ ಕರಡು” ಎಂದರು ನಮ್ಮ ಅಣ್ಣನವರು. ನಮಗೂ ಹೌದೆನಿಸಿತು, ಹೌದೆನ್ನುವದು ನಮಗೆ ಅನುಕೂಲವೂ ಆಗಿತ್ತು. ಪತ್ರವನ್ನು ಓದಿಸದೆ ಕೆಳಗಿಟ್ಟೆವು. ಅಷ್ಟರಲ್ಲಿ ಹಿರಿಯರ ಕಣ್ಣುಗಳು ತೀರ ಮಂದವಾದವು, ಓದುವದು ನಿಂತಿತು.

ಮರುವರುಷ ಎರಡೂ ಬಗೆಯ ತೇದಿಗಳಿದ್ದ ಒಂದು ರಸೀದಿಯು ಸಿಕ್ಕಿತು: ಇಸ್ಫಂದಾರ್ ೧೩೪೫, ಜನವರಿ ೧೯೩೬. ತಪ್ಪು ತಿಳಿದುಬಂದಿತು. ಅದೇ ರಾತ್ರಿ ಪುಟವನ್ನು ತಿದ್ದಿದೆವು. ಆದರೆ ಚೀಟಿಯನ್ನು ಮರೆತೆವು! ಚೀಟಿಯು ತನ್ನ ಸರತಿಯಂತೆ ಬರುತ್ತಲೇ ಇತ್ತು, ನಾವು ೫೯೦ ಎನ್ನುತ್ತಲೇ ಇದ್ದೆವು, ಅದು ಮನೆಯಿಂದ ಮನೆಗೆ ಏರುತ್ತಲೇ ಇತ್ತು. ಎರಡು ವಾರದ ಮೇಲೆ ವಾಟಣಿ ಪತ್ರದ ಮಾತು ಬಂದಾಗ ಮಗಳು ತಡವರಿಸದೆ ೧೯೩೩ ಎಂದಳು. ಪುಟವು ಒಂದು ಹೇಳುವದು, ನಾಲಿಗೆಯು ಇನ್ನೊಂದು. ಮರೆತ ಸತ್ಯಕ್ಕಿಂತ ಚೆನ್ನಾಗಿ ಬಾಯಿಪಾಠವಾದ ತಪ್ಪು ಕೆಟ್ಟದು. ಅದೇಕೆಂದರೆ ಮರೆತವನು ಪುಸ್ತಕ ತೆರೆಯುವನು, ತಪ್ಪನ್ನು ಬಲ್ಲವನು ತೆರೆಯುವದಿಲ್ಲ. ಆದುದರಿಂದ ಮೂರನೆಯ ನಿಯಮವು ಇದು: ಪುಟವನ್ನು ತಿದ್ದಿದ ದಿನವೇ, ಆ ಪುಟದಿಂದ ಹುಟ್ಟಿದ ಚೀಟಿಗಳನ್ನೆಲ್ಲ ತೆಗೆದು ತಿದ್ದಬೇಕು.

೫೯೧ ಕೂಡಿಸಿದರೆ ಖುರ್ದಾದ್ ೧೩೪೩ ಎಂಬದು ೧೯೩೪ರ ಏಪ್ರಿಲ್ಲಿಗೆ ಬರುವದು. ಮುತ್ತಜ್ಜನವರ ಪುಟವನ್ನು ತೆರೆದೆವು. ಶ್ರಾದ್ಧದ ತಿಥಿಯನ್ನು ನಮ್ಮ ತಾಯಿಯವರು ಹೇಳಿ ಬರೆಯಿಸಿದ್ದರು: ಶ್ರೀಮುಖ ಸಂವತ್ಸರ, ಪುಷ್ಯ ಬಹುಳ ಪಂಚಮಿ. ಅದು ೧೯೩೪ರ ಜನವರಿಯ ಮೊದಲ ವಾರ. ಹಾಗಾದರೆ ಪತ್ರವಾದುದು ಮುತ್ತಜ್ಜನವರು ತೀರಿದ ಮೂರು ತಿಂಗಳ ಮೇಲೆ. ಅದು ಕರಡಲ್ಲ, ಇಬ್ಬರು ಮಕ್ಕಳು ಮಾಡಿಕೊಂಡ ವಾಟಣಿಯೇ.

ಮರುದಿನ ಬೆಳಿಗ್ಗೆ ಪತ್ರವನ್ನು ಹಿಡಿದು ಮಾನ್ವಿಗೆ ಹೋದೆವು. ಹಿರಿಯರು ಹೊರಸಿನ ಮೇಲೆ ಕುಳಿತು ಮಗಳಿಗೆ, “ನನ್ನ ಕಣ್ಣು ಹ್ವಾದವು. ನೀ ಅಕ್ಷರ ಹೇಳವ್ವಾ, ಅರ್ಥ ನಾ ಹೇಳ್ತೀನಿ” ಎಂದರು. ಅವಳು ಒಂದೊಂದೇ ಅಕ್ಷರ ಹೇಳುವಳು, ಅವರು ಕೂಡಿಸಿ ಶಬ್ದ ಮಾಡುವರು. ನುಕ್ತೆ ಇಲ್ಲದಲ್ಲಿ ಹಿಂದು ಮುಂದಿನ ಮಾತು ಕೇಳಿ ಊಹಿಸುವರು. ಮೊದಲ ಹತ್ತು ಸಾಲುಗಳಿಗೆ ಒಂದೂವರೆ ತಾಸು ಹಿಡಿಯಿತು. ಹನ್ನೊಂದನೆಯ ಸಾಲಿನಲ್ಲಿ “ಬಾವಲಿ” ಎಂಬ ಶಬ್ದ ಬಂದಿತು. ಬಾವಿಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಮುಂದಿನ ಶಬ್ದಕ್ಕೆ ಅವಳು, “ಮೀಮ್, ಶೀನ್, ತೇ...” ಎಂದು ತೊಡಗಿ ತಟ್ಟನೆ ನಿಂತಳು. ಅಕ್ಷರ ಎಣಿಸುವ ಅವಶ್ಯವಿರಲಿಲ್ಲ. ಆ ಶಬ್ದದ ಆಕಾರವು ಅವಳಿಗೆ ಐದನೆಯ ಮನೆಯ ಚೀಟಿಯಷ್ಟು ಪರಿಚಿತವಾಗಿತ್ತು. “ಮುಶ್ತರಿಕಾ, ಮುತ್ಯಾ” ಎಂದಳು. ಹಿರಿಯರು ತಲೆದೂಗಿ, “ಹೌದವ್ವಾ. ಇಬ್ಬರದೂ” ಎಂದರು.

ನಾವು ಮೂವತ್ತು ವರುಷ ಹೇಳಿದ ಮಾತು ಸುಳ್ಳಾಗಿತ್ತು. ಬಾವಿಯು ಇಬ್ಬರದಾಗಿತ್ತು. ಇಂತಹ ಪತ್ರಕ್ಕೆ ನ್ಯಾಯಾಲಯದಲ್ಲಿ ಎಷ್ಟು ಬೆಲೆಯೆಂಬದನ್ನು ವಕೀಲರು ಹೇಳಬೇಕು. ನಮ್ಮ ಮನೆಯೊಳಗಿನ ನ್ಯಾಯಕ್ಕೆ ಅದು ಸಾಕಾಗಿತ್ತು. ಅಣ್ಣನವರು ಎರಡು ತಿಂಗಳು ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾವೇ ಪತ್ರದ ಕನ್ನಡ ಪ್ರತಿಯನ್ನು ಬೇಡಿ ತೆಗೆದುಕೊಂಡು ದೇವದುರ್ಗಕ್ಕೆ ಹೋದರು. ಈಗ ಬಾವಿಯ ನೀರಿಗೆ ಎರಡು ಮನೆಗಳ ಪಾಳಿಯಿದೆ. ಹಳೆಯ ಸಲಿಗೆ ಇನ್ನೂ ಬಂದಿಲ್ಲ; ಆದರೆ ಹೋದ ವರುಷ ಅವರ ಮನೆಯ ಮದುವೆಯ ಅಕ್ಷತೆ ನಮಗೆ ಬಂದಿತು.

ವಿಕಿ ಒಂದೇ ಇದ್ದರೆ ಇದು ಆಗುತ್ತಿರಲಿಲ್ಲ. ಓದುವ ಕಣ್ಣು ನಮಗಿರುತ್ತಿರಲಿಲ್ಲ. ಚೀಟಿಗಳಷ್ಟೇ ಇದ್ದರೂ ಆಗುತ್ತಿರಲಿಲ್ಲ. ಫಸಲಿಯ ತಿಂಗಳನ್ನೂ ಶ್ರಾದ್ಧದ ತಿಥಿಯನ್ನೂ ಒಂದೆಡೆಗೆ ತಂದದ್ದು ಪುಟಗಳ ಕೂಡುವಿಕೆ. ಹಾಗೆಂದು ಎಲ್ಲವನ್ನೂ ಚೀಟಿ ಮಾಡಬೇಕೆಂದು ವಾಚಕರು ಭಾವಿಸಬಾರದು. ಬೇಕಾದಾಗ ನೋಡಿದರೆ ಸಾಕೆಂಬದು ಪುಟದಲ್ಲಿರಲಿ: ಹೊಲದ ಸರ್ವೆ ನಂಬರು, ಯಂತ್ರಗಳ ರಸೀದಿ, ಮನೆ ಕಟ್ಟಿಸಿದ ಲೆಕ್ಕ. ನೋಡುವಷ್ಟು ಹೊತ್ತಿಲ್ಲದಾಗ ಬೇಕಾದುದೂ, ಬೇರೆ ವಿಷಯಗಳನ್ನು ತಿಳಿಯಲು ಬೀಗದಕೈಯಂತಿರುವದೂ ಚೀಟಿಯಾಗಲಿ: ಲಿಪಿ, ತಿಂಗಳುಗಳ ಹೆಸರು, ಮನೆಯವರ ರಕ್ತದ ಗುಂಪು, ಯಾರಿಗೆ ಯಾವ ಔಷಧ ಆಗದೆಂಬದು. ದಿನಕ್ಕೆ ಐದು ಹೊಸ ಚೀಟಿಗಳಿಗಿಂತ ಹೆಚ್ಚು ಬೇಡ. ನಾವು ಉತ್ಸಾಹದಿಂದ ಇಪ್ಪತ್ತು ಮಾಡಿದೆವು. ಒಂದು ಮದುವೆಯ ಗದ್ದಲದಲ್ಲಿ ಹದಿನೈದು ದಿನ ತಪ್ಪಿ ಚೀಟಿಗಳು ನಾನೂರಾಗಿ ಕುಳಿತವು. ಹಾಗಾದಾಗ ಹೊಸದನ್ನು ನಿಲ್ಲಿಸಿ ಹಳೆಯದನ್ನು ದಿನಕ್ಕೆ ಮೂವತ್ತರಂತೆ ತೀರಿಸಬೇಕು, ಕೈಬಿಡಬಾರದು. ನಮಗೆ ಈಗ ಬೆಳಗಿನ ಚಹದ ಹೊತ್ತಿನ ಹತ್ತು ನಿಮಿಷ ಚೀಟಿಗಳಿಗೂ, ರವಿವಾರದ ಒಂದು ತಾಸು ಪುಟಗಳಿಗೂ ಸಾಕಾಗುವದು.

ಕಲಬುರಗಿ, ಬೀದರ, ರಾಯಚೂರು, ಕೊಪ್ಪಳದ ಎಷ್ಟೋ ಅಟ್ಟಗಳ ಮೇಲೆ ಇಂತಹ ಪೆಟ್ಟಿಗೆಗಳುಂಟು. ಅವನ್ನು ಓದಬಲ್ಲವರು ವರುಷ ವರುಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬೇರೆ ಸೀಮೆಗಳಲ್ಲಿ ಅದು ಮೋಡಿ ಲಿಪಿಯ ಲೆಕ್ಕವಿರಬಹುದು, ಅಜ್ಜಿಯ ಬಾಯಿಯ ಹಾಡಿರಬಹುದು. ಹಿರಿಯರಿದ್ದಾಗ ಅವರ ಮುಂದೆ ಕುಳಿತು ಒಂದು ಪುಟ ಬರೆಯಿರಿ. ಅದರಿಂದ ಐದು ಚೀಟಿ ಮಾಡಿ ಮಕ್ಕಳ ಕೈಗೆ ಕೊಡಿರಿ. ಮಾನ್ವಿಯ ಹಿರಿಯರಿಗೆ ಈಗ ಕಣ್ಣು ಪೂರ್ತಿ ಕಾಣದು. ತಿಂಗಳಿಗೊಮ್ಮೆ ಮಗಳು ಹೋಗಿ ಕಾಗದ ಓದಿ ಹೇಳುವಳು. ತಪ್ಪಿದಲ್ಲಿ ಅವರು ತಿದ್ದುವರು. ಪೆಟ್ಟಿಗೆಯಲ್ಲಿ ಇನ್ನು ಹನ್ನೊಂದು ಕಾಗದಗಳು ಉಳಿದಿವೆ.